ಚಿಕ್ಕಪ್ಪನ ಆಫ್ರಿಕಾ

ನಮ್ಮ ಚಿಕ್ಕಪ್ಪ ಆಫ್ರಿಕಾದ ಐವತ್ನಾಲ್ಕು ದೇಶಗಳನ್ನೂ ಬಲ್ಲರು. ನಮ್ಮ ದೊಡ್ಡಬಳ್ಳಾಪುರದಲ್ಲಿ ರೇಷನ್ ಅಂಗಡಿ ಯಾವ ದಿನ ತೆರೆದಿರುತ್ತದೆ ಎಂಬುದು ಮಾತ್ರ ಅವರಿಗೆ ಇವತ್ತಿಗೂ ಗೊತ್ತಿಲ್ಲ! ಇಷ್ಟು ದೊಡ್ಡ ವಿದ್ವಾಂಸರು ವಿಮಾನ ಹತ್ತಿದವರಲ್ಲ. ಬಸ್ಸು ಯಲಹಂಕ ದಾಟಿದರೆ ತಲೆ ಸುತ್ತುತ್ತದೆ ಎನ್ನುತ್ತಾರೆ.

ಈ ಪಾಂಡಿತ್ಯ ಬಂದದ್ದು ಕರೆಂಟು ಹೋದದ್ದರಿಂದ. ಅವರಿಗಿರುವುದು ನಾಲ್ಕು ಪವರ್‌ಲೂಮ್. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಚಿಕ್ಕಪ್ಪ ಓದಲು ಕೂರುತ್ತಾರೆ. ಓದಲು ಸಿಕ್ಕಿದ್ದು ಗುಜರಿ ಅಂಗಡಿಯಿಂದ ತಂದ ಒಂದು ಹಳೆಯ ಅಟ್ಲಾಸು. ಅದರಲ್ಲಿ ಗೆದ್ದಲು ಕೃಪೆ ಮಾಡಿ ಬಿಟ್ಟದ್ದು ಆಫ್ರಿಕಾವನ್ನು ಮಾತ್ರ. ಏಳೂ ಖಂಡಗಳು ಉಳಿದಿದ್ದರೆ ನಮ್ಮ ಗತಿ ಏನಾಗುತ್ತಿತ್ತು, ನೀವೇ ಹೇಳಿ?

ಒಮ್ಮೆ ಚಿಕ್ಕಮ್ಮ ಒಲೆ ಹಚ್ಚಿಟ್ಟು, ಒಂದು ಕೆಜಿ ತೊಗರಿಬೇಳೆ ತರಲು ಹೇಳಿದರು. ಚಿಕ್ಕಪ್ಪ ಚೀಲ ಹಿಡಿದು ಬಾಗಿಲಲ್ಲೇ ನಿಂತರು.

"ನಾವು ತಿನ್ನೋ ಬೇಳೆ ಎಷ್ಟೋ ಸಲ ಮೊಜಾಂಬಿಕ್‌ನಿಂದ, ಮಲಾವಿಯಿಂದ ಬರುತ್ತೆ ಗೊತ್ತಾ?"

"ಬೇಳೆ ಎಲ್ಲಿಂದಾದ್ರೂ ಬರ್ಲಿ. ನೀವು ಅಂಗಡಿಯಿಂದ ಬೇಗ ಬನ್ನಿ."

ಅಂದು ನಾವು ಉಂಡಿದ್ದು ಮಜ್ಜಿಗೆ ಅನ್ನ.

ಇದೆಲ್ಲ ನಗುವ ಮಾತಾಯಿತು. ಆದರೆ ಅವರ ಮಗಳು ರಮ್ಯಳನ್ನು ನೋಡಲು ಗಂಡಿನವರು ಬರತೊಡಗಿದ ಮೇಲೆ ನಗು ಕಡಿಮೆಯಾಯಿತು. ಮೊದಲು ಬಂದವರು ಜಾತಕ ಹರವಿಕೊಂಡು ಕೂತಿದ್ದರು. ಚಿಕ್ಕಪ್ಪ ನಡುವೆ ಬಾಯಿ ಹಾಕಿ, "ಇಥಿಯೋಪಿಯಾದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಕೊನೇದು ಐದೋ ಆರೋ ದಿನ ಅಷ್ಟೆ" ಎಂದರು. ಹುಡುಗನ ಅಜ್ಜಿಯ ಮುಖ ಕಪ್ಪಿಟ್ಟಿತು. "ಅಂದ್ರೆ ವರ್ಷಾವರ್ಷ ಅಧಿಕ ಮಾಸನಾ? ಮದುವೆ ಮಾತಾಡೋ ಹೊತ್ನಲ್ಲಿ ಅದನ್ಯಾಕೆ ತೆಗೀತೀಯಪ್ಪ?" ಜಾತಕ ಕೂಡುವುದಿಲ್ಲ ಎಂದು ಮರುದಿನವೇ ಫೋನು ಬಂತು.

ಎರಡನೆಯ ಬೀಗರು, ಅಂದರೆ ಆಗಬೇಕಾಗಿದ್ದವರು, ನೆಲಮಂಗಲದಲ್ಲೊಂದು ತುಮಕೂರಲ್ಲೊಂದು ತಮಗೆ ಎರಡು ಮನೆ ಎಂದು ಕೊಚ್ಚಿಕೊಂಡರು. ಚಿಕ್ಕಪ್ಪ ಕೊಂಚವೂ ಅಲುಗದೆ, "ದಕ್ಷಿಣ ಆಫ್ರಿಕಾಕ್ಕೆ ರಾಜಧಾನೀನೇ ಮೂರು" ಎಂದರು. ಅವರು ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಮೂರನೆಯದು ಕುಂದಾಣದ ಸಂಬಂಧ. ಹುಡುಗ ಹಾಲಿನ ಡೇರಿಯಲ್ಲಿ ಕೆಲಸದಲ್ಲಿದ್ದ, ಮನೆಯಲ್ಲಿ ಬೇಸಾಯ. ಫೋಟೋ ನೋಡಿಯೇ ರಮ್ಯ ನನ್ನ ಬಳಿ, "ಇದು ತಪ್ಪಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ ಅಕ್ಕ" ಎಂದಿದ್ದಳು. ಅದು ತಿಳಿದದ್ದೇ ತಡ, ಚಿಕ್ಕಮ್ಮ ಗಂಡನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು, ಆ ದಿನ ಆಫ್ರಿಕಾದ ಸುದ್ದಿ ಎತ್ತುವುದಿಲ್ಲವೆಂದು ಆಣೆ ಮಾಡಿಸಿದರು.

ಚಿಕ್ಕಪ್ಪ ಆಣೆ ಉಳಿಸಿಕೊಂಡರು. ಆಫ್ರಿಕಾ ಬಿಟ್ಟು ಆಡಲು ಅವರಲ್ಲಿ ಬೇರೆ ಮಾತೇ ಇರಲಿಲ್ಲವೆಂಬುದು ನಮಗೆ ಅಂದೇ ತಿಳಿದದ್ದು!

"ಮಗ್ಗ ಹೆಂಗೆ ನಡೀತೈತೆ?" ಹುಡುಗನ ತಂದೆ ಕೇಳಿದರು.

"ನಡೀತಿದೆ."

"ಜಮೀನು ಏನಾದ್ರೂ?"

"ಇಲ್ಲ."

ಆ ತಂದೆ ನನ್ನ ಕಡೆ ಬಾಗಿ, "ಅವರಿಗೆ ಹುಷಾರಿಲ್ವೇನಮ್ಮ?" ಎಂದು ಪಿಸುಗುಟ್ಟಿದರು. ಎಷ್ಟೋ ವರ್ಷದಿಂದ ನಾವು ಹರಕೆ ಹೊತ್ತು ಬೇಡಿದ್ದ ಮೌನ ಇದೇ ತಾನೆ? ಸಿಕ್ಕಿದ ಮೇಲೆ ನೋಡಲಾಗಲಿಲ್ಲ. ಚಿಕ್ಕಪ್ಪ ತಲೆ ತಗ್ಗಿಸಿ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ರಮ್ಯ ಕಾಫಿ ತಂದಳು. ಹುಡುಗನ ತಾಯಿ ವಾಡಿಕೆಯಂತೆ, "ಒಂದು ಹಾಡು ಹೇಳಮ್ಮ" ಎಂದರು.

ರಮ್ಯ ಅಪ್ಪನನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು.

"ಹಾಡು ಬರಲ್ಲ. ಆಫ್ರಿಕಾ ಬರುತ್ತೆ."

ಚಿಕ್ಕಮ್ಮ ಗೋಡೆಗೆ ಒರಗಿಕೊಂಡರು.

"ಲೆಸೊಥೊ ಅಂತ ಒಂದು ಪುಟ್ಟ ದೇಶ. ಅದರ ಸುತ್ತಲೂ ಇರೋದು ಒಂದೇ ದೇಶ, ದಕ್ಷಿಣ ಆಫ್ರಿಕಾ. ನೆಲದ ಮೇಲೆ ಎಲ್ಲಿಗೆ ಹೊರಟ್ರೂ ಅದನ್ನ ದಾಟೇ ಹೋಗ್ಬೇಕು. ಆದ್ರೂ ಅದಕ್ಕೆ ಅದರದೇ ರಾಜ ಇದ್ದಾನೆ. ಇದನ್ನ ಹೇಳ್ಕೊಟ್ಟಿದ್ದು ನಮ್ಮಪ್ಪ. ಇವತ್ತು ಅವರು ನನಗೋಸ್ಕರ ಹಿಂಗೆ ಸುಮ್ನೆ ಕೂತಿದ್ದಾರೆ. ಅವರು ಹಿಂಗಿರೋರಲ್ಲ. ಹಿಂಗಿರೋದು ನಂಗೆ ಬೇಡ."

ಅಲ್ಲಿಯವರೆಗೂ ಬಾಯಿ ಬಿಡದಿದ್ದ ಹುಡುಗ ಚಿಕ್ಕಪ್ಪನ ಕಡೆ ತಿರುಗಿದ.

"ಆ ದೇಶದ ರಾಜಧಾನಿ ಯಾವುದು, ಮಾವ?"

ಮಾವ ಎಂದ! ಚಿಕ್ಕಪ್ಪ ಹೆಂಡತಿಯ ಮುಖ ನೋಡಿದರು. ಚಿಕ್ಕಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ಹೇಳ್ರೀ" ಎಂದರು. ಚಿಕ್ಕಪ್ಪ ಬಾಯಿ ತೆರೆದರು, ಹೆಸರು ಹೊರಡಲಿಲ್ಲ. ಮಗಳ ಕೈ ಹಿಡಿದುಕೊಂಡು ಅತ್ತುಬಿಟ್ಟರು. ರಾಜಧಾನಿಯ ಹೆಸರನ್ನು ರಮ್ಯಳೇ ಹೇಳಬೇಕಾಯಿತು.