ಇಲ್ರಿ ಅನ್ನುವ ತಾಲೀಮು

ಸಂದರ್ಶನಕ್ಕೆ ತಯಾರಿ ಮಾಡಿಕೊಂಡಷ್ಟೂ ಮನುಷ್ಯ ಕೆಡುತ್ತಾನೆ ಎಂಬುದು ನನ್ನ ನಂಬಿಕೆ. ಹಾಗೆಂದರೆ ನನ್ನ ಹೆಂಡತಿ, ತಯಾರಿ ಮಾಡಿಕೊಳ್ಳದ ಸೋಮಾರಿಗಳೆಲ್ಲ ಹೀಗೇ ಹೇಳುತ್ತಾರೆ ಎಂದು ಮೂಗು ಮುರಿಯುತ್ತಾಳೆ. ಆದರೆ ನಾನು ಮಾಡಿಕೊಂಡಿದ್ದೆ. ಎರಡು ತಿಂಗಳು, ದಿನಾ ಸಂಜೆ, ಗುರುಗಳ ಎದುರು ಕೈಕಟ್ಟಿ ನಿಂತು ಮಾಡಿಕೊಂಡಿದ್ದೆ. ಅಷ್ಟು ಶ್ರದ್ಧೆಯಿಂದ ಕೆಟ್ಟವನು ನಮ್ಮ ತಾಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ನಮ್ಮದು ವಾಡಿಯ ಮಗ್ಗುಲಿನ ರಾವೂರ. ಅಪ್ಪ ಕಲ್ಲಿನ ಗಣಿಯಲ್ಲಿ ಫರಸಿ ಸೀಳುತ್ತಿದ್ದ. ನೆಲಕ್ಕೆ ಹಾಸುವ ಆ ಕಲ್ಲಿನ ಯಾವ ಪದರಕ್ಕೆ ಉಳಿ ಇಟ್ಟರೆ ಹಾಳೆಯ ಹಾಗೆ ಬಿಟ್ಟುಕೊಳ್ಳುತ್ತದೆ ಎಂಬುದು ಅವನ ಕೈಗೇ ಗೊತ್ತಿತ್ತು. ಅದೇ ಕೈಯ ಎರಡು ಬೆರಳು ಒಮ್ಮೆ ಕಲ್ಲಿನಡಿ ಸಿಕ್ಕಿ ಜಜ್ಜಿಹೋಗಿದ್ದವು. ನಾನು ಮೆಟ್ರಿಕ್ ಪಾಸಾದ ದಿನ, ಈ ಸುತ್ತಿಗೆ ನನ್ನಲ್ಲಿಗೇ ಮುಗಿಯಬೇಕು, ಮಗ ಹಿಡಿಯಬಾರದು ಎಂದು ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಇಂಜಿನಿಯರಿಂಗ್ ಡಿಪ್ಲೊಮಾಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಗುಲಬರ್ಗಾಕ್ಕೆ ಬಾ ಎಂದು ಕಾರ್ಡು ಬಂತು. ಅಲ್ಲಿ ಗೆದ್ದರೆ ಸೀಟು, ಸೋತರೆ ಗಣಿ. ಗಣಿಯ ಮೇಸ್ತ್ರಿಯಂತೂ ನನಗೊಂದು ಜಾಗ ಆಗಲೇ ಹಿಡಿದಿಟ್ಟಿದ್ದ.

ಪಕ್ಕದ ಮನೆಯ ಮಹಬೂಬ ಚಾಚಾ ತಾವೇ ಮುಂದೆ ಬಂದು ನನ್ನನ್ನು ತಯಾರು ಮಾಡಲು ಒಪ್ಪಿಕೊಂಡರು. ನಿಜಾಮರ ಕಾಲದಿಂದ ಚಿತ್ತಾಪುರದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರು ಜನ್ಮದಲ್ಲಿ ಸಂದರ್ಶನ ಕಂಡವರಲ್ಲ, ಆದರೆ ಅವರಷ್ಟು ಸಾಹೇಬರ ಮುಂದೆ ನಿಂತವರು ಊರಲ್ಲಿ ಯಾರಿದ್ದರು? ಬಾಗಿಲಲ್ಲೇ ನಮಸ್ಕಾರ. ಕೂಡು ಎಂದು ಒಂದು ಸಲ ಹೇಳಿದರೆ ಕೂಡಬಾರದು, ಎರಡನೆಯ ಸಲಕ್ಕೆ ಕುರ್ಚಿಯ ಅಂಚಿಗೆ ಕೂಡಬೇಕು. ಎಲ್ಲಕ್ಕಿಂತ ಮುಖ್ಯ, ಸಾಹೇಬರು ಏನೇ ಅಂದರೂ ಸರಿಯೆಂದು ಒಪ್ಪಿ ‘ಬರೋಬ್ಬರಿ ಅದರಿ’ ಎನ್ನಬೇಕು. ಹಿಂದೊಮ್ಮೆ ಸಾಹೇಬರೊಬ್ಬರು ಕಾಗದವನ್ನು ತಲೆಕೆಳಗಾಗಿ ಹಿಡಿದು ಸಹಿ ಹಾಕಿಬಿಟ್ಟರಂತೆ. ಚಾಚಾ ಏನೂ ಅನ್ನದೆ ಆ ಫೈಲಿನ ಉಳಿದ ಕಾಗದಗಳನ್ನೂ ತಲೆಕೆಳಗಾಗಿಯೇ ಪೋಣಿಸಿದರಂತೆ. ಈ ಕತೆ ಕೇಳಿ ನನಗೆ ಅವರ ಮೇಲಿನ ಭಕ್ತಿ ಇಮ್ಮಡಿಯಾಯಿತು.

ಗುಲಬರ್ಗಾದಲ್ಲಿ ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನ ಕನ್ನಡಕದವರು ಕೂಡಲು ಹೇಳಿದರು, ಆದರೆ ಒಂದೇ ಸಲ ಹೇಳಿದರು. ಹೀಗಾಗಿ ನಾನು ನಿಂತೇ ಇದ್ದೆ. ಅರ್ಜಿಯಲ್ಲಿ ರಾವೂರ ಎಂದು ನೋಡಿ ಅವರು, ನಿಮ್ಮ ಕಡೆಯ ಫರಸಿಯ ಮೇಲೆ ಹುಣಸೆಹುಳಿ ಬಿದ್ದರೆ ಏನೂ ಆಗುವುದಿಲ್ಲ ಅಲ್ಲವೇ ಎಂದು ಕೇಳಿದರು. ಅಯ್ಯೋ, ಹುಳಿ ಬಿದ್ದಲ್ಲಿ ಕಲ್ಲು ಬೆಳ್ಳಗೆ ಸುಟ್ಟುಹೋಗುತ್ತದೆ. ವಾರಕ್ಕೊಮ್ಮೆ ಅವ್ವ ಅದಕ್ಕಾಗಿ ನಮ್ಮನ್ನು ಬೈಯುತ್ತಿದ್ದಳು. ನಾನೆಂದೆ, “ಬರೋಬ್ಬರಿ ಅದರಿ.”

ಅವರು ನನ್ನನ್ನೇ ನೋಡುತ್ತ, ಹುಳಿ ಕಲ್ಲನ್ನು ತಿನ್ನುತ್ತದೆ ಎಂದೂ ಕೇಳಿದ್ದೇನೆ ಎಂದರು.

“ಅದೂ ಬರೋಬ್ಬರಿ ಅದರಿ.”

ಉಳಿದಿಬ್ಬರೂ ತಲೆ ಎತ್ತಿದರು. ಹಾಗಾದರೆ ಎರಡರಲ್ಲಿ ಯಾವುದು ಎಂದರು ಕನ್ನಡಕದವರು. “ತಾವು ಯಾವುದು ಅಂತೀರಿ, ಅದು ರೀ,” ಎಂದು ಬಾಗಿ ಕೈಮುಗಿದೆ. ಅವರೂ ಅಷ್ಟೇ ಗೌರವದಿಂದ ನನ್ನನ್ನು ಕಳಿಸಿಕೊಟ್ಟರು.

ಆಯ್ಕೆಯಾದವರ ಪಟ್ಟಿಯಲ್ಲಿ ಶರಣು ಎಂಬ ನನ್ನ ಹೆಸರು ಬರಲಿಲ್ಲ. ಏನು ಕೇಳಿದ್ದರು ಎಂದು ಅಪ್ಪ ವಿಚಾರಿಸಿದ. ನಡೆದದ್ದನ್ನು ಹೇಳಿದೆ. ಬೈಯಲಿಲ್ಲ, ಕೈ ಎತ್ತಲಿಲ್ಲ. ಕೈಗಂಟಿದ ಕಲ್ಲಿನ ಧೂಳು ತೊಳೆಯುತ್ತ, “ಅದು ನಿನಗ ಗೊತ್ತಿತ್ತಲ್ಲೋ ಶರಣು,” ಎಂದ ಅಷ್ಟೇ. ಕಪಾಳಕ್ಕೆ ಎರಡು ಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮರುವಾರದಿಂದ ನಾನೂ ಗಣಿಗೆ ಹೋದೆ. ಅಪ್ಪ ಮುಂದೆ, ನಾನು ಹಿಂದೆ.

ಸುದ್ದಿ ತಿಳಿದ ಚಾಚಾ ನಮ್ಮ ಹೊಸ್ತಿಲಾಚೆಯೇ ನಿಂತರು. ಒಳಗೆ ಬರ್ರಿ ಎಂದು ಅವ್ವ ಕರೆದರೂ ಬರಲಿಲ್ಲ. “ಬೇಟಾ, ನಾ ನಿನಗ ಕಚೇರಿ ಕಲಿಸಿದೆ. ನಿನಗ ಬೇಕಾಗಿದ್ದದ್ದು ಸಾಲಿ,” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಮರುವರ್ಷ ಮತ್ತೆ ಅರ್ಜಿ ಹಾಕಿದೆ, ತಾಲೀಮು ತಿರುವುಮುರುವಾಯಿತು. ಚಾಚಾ ಗಂಭೀರವಾಗಿ ಸುಳ್ಳು ಹೇಳಬೇಕು, ನಾನು ‘ಇಲ್ರಿ’ ಎನ್ನಬೇಕು. ಕಾಗಿಣಾ ಹೊಳೆ ಮಳಖೇಡದ ಕೋಟೆ ಹತ್ತಿ ಆಚೆ ಇಳಿಯುತ್ತದೆ ಎಂದರು ಮೊದಲ ದಿನ. ನಾನು ಬಹಳ ಯೋಚಿಸಿ, “ಇರಬಹುದ್ರಿ,” ಎಂದೆ. ಸೇಡಂನಲ್ಲಿ ಸಮುದ್ರವಿದೆ ಎಂದರು. ನಾನಿನ್ನೂ ನೋಡಿಲ್ಲ ಎಂದೆ. ಹಿರಿಯರ ಮುಖ ನೋಡುತ್ತ ‘ಇಲ್ರಿ’ ಎನ್ನುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಮೂರು ವಾರಕ್ಕೆ, ಕಣ್ಣು ಮುಚ್ಚಿಕೊಂಡು, ಜೋರಾಗಿ ‘ಇಲ್ರಿ’ ಎಂದೆ. ನಮ್ಮ ಅಡುಗೆಮನೆಯಿಂದ ಅವ್ವ ಸವಟು ಹಿಡಿದೇ ಓಡಿಬಂದು, ದೊಡ್ಡವರಿಗೆ ಎದುರಾಡುತ್ತೀಯಾ ಎಂದು ಝಾಡಿಸಿದಳು. ಚಾಚಾರ ಮುಖವೂ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಸಾವರಿಸಿಕೊಂಡು ಶಾಬಾಸ್ ಎಂದರು.

ಆ ಸಲವೂ ಅದೇ ಕನ್ನಡಕದವರು. ನನ್ನ ಗುರುತು ಹಿಡಿಯಲಿಲ್ಲ, ಪುಣ್ಯಕ್ಕೆ. ಫರಸಿಯನ್ನು ಎಲ್ಲಿ ಹೊಡೆದರೂ ಒಂದೇ ಥರ ಒಡೆಯುತ್ತದಲ್ಲವೇ ಎಂದರು.

“ಇಲ್ರಿ. ಪದರ ನೋಡಿ ಉಳಿ ಇಡಬೇಕ್ರಿ. ಇಲ್ಲಂದ್ರ ಚೂರಾಗ್ತದ.”

ನಿನಗೆ ಹೇಗೆ ಗೊತ್ತು ಎಂದರು. ಒಂದು ವರ್ಷದಿಂದ ಒಡೆಯಲಿಕತ್ತೀನಿ ಎಂದು ಕೈ ತೋರಿಸಿದೆ. ಮೂವರೂ ಬಾಗಿ ನೋಡಿದರು. ಸೀಟು ಸಿಕ್ಕಿತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಆ ಒಂದು ‘ಇಲ್ರಿ’ ನನಗೆ ಸೀಟು ಕೊಡಿಸಿತು, ಸೀಟು ಸರಕಾರಿ ನೌಕರಿ ಕೊಡಿಸಿತು. ನೌಕರಿಗೆ ಸೇರಿ ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಮೇಲಿನವರ ಎದುರು ಆ ಮಾತನ್ನು ಇನ್ನೊಮ್ಮೆ ಆಡಿದ ನೆನಪು ನನಗಿಲ್ಲ. ಬಡ್ತಿಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದಿವೆ. ಊರಿಗೆ ಹೋದಾಗಲೆಲ್ಲ ಅಪ್ಪ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ಸಾಹೇಬರ ಮುಂದ ಗೊತ್ತಿದ್ದದ್ದು ಗೊತ್ತಿದ್ದಂಗ ಹೇಳ್ತೀಯಲ್ಲೋ?” ಎಂದು ಕೇಳುತ್ತಾನೆ.

ಅವನಿಗೂ ಹೌದು ಎಂದೇ ಹೇಳುತ್ತೇನೆ.