ಮಗಳ ದಾಖಲೆಯ ವಿಲೇವಾರಿ

ಅರ್ಜಿ ಬರೆಯುವುದರಲ್ಲಿ ನನಗೆ ಸಮಾನರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ, ಹೆಬ್ಬಾಳದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕಡತಗಳೆಲ್ಲ ಕನ್ನಡದಲ್ಲೇ ಇರಬೇಕೆಂದು ಮೇಲಿನಿಂದ ಸುತ್ತೋಲೆ ಬಂದ ಕಾಲ. ಕಚೇರಿಯಲ್ಲಿ ಯಾರಿಗೆ ಪದ ಸಿಗದಿದ್ದರೂ ನನ್ನ ಮೇಜಿಗೇ ಬರುತ್ತಿದ್ದರು.

ನಮ್ಮ ಮಗಳು ಸುಮಾಗೆ ಆಗ ಒಂಬತ್ತು ವರ್ಷ. ಕಿವಿ ಅಷ್ಟಾಗಿ ಕೇಳಿಸದು. ಯಲಹಂಕದ ಪುಟ್ಟ ಶಾಲೆಯಲ್ಲಿ ಫಿಲೋಮಿನಾ ಟೀಚರ್ ದಿನಾ ಒಂದು ಗಂಟೆ ಅವಳನ್ನು ಎದುರಿಗೆ ಕೂರಿಸಿಕೊಂಡು, ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿಸಿದ್ದರು. ಅವಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಎಲ್ಲಿ ಕೂರಿಸಬೇಕು, ಎಲ್ಲವನ್ನೂ ಮೂರು ವರ್ಷ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆಮೇಲೆ ಅದನ್ನು ಶಾಲೆಯಲ್ಲೇ ಬಿಟ್ಟು, ಮದುವೆಯಾಗಿ ಬೊಂಬಾಯಿಗೆ ಹೋಗಿಬಿಟ್ಟರು. ನಾವು ಸುಮಾಳನ್ನು ಸೇರಿಸಬೇಕೆಂದಿದ್ದ ಆರ್.ಟಿ. ನಗರದ ಶಾಲೆಯವರು ಖಡಾಖಂಡಿತವಾಗಿ ಹೇಳಿದ್ದರು: "ಆ ದಾಖಲೆ ತಂದ್ರೆ ನಾಲ್ಕನೇ ಕ್ಲಾಸು. ಇಲ್ದಿದ್ರೆ ಮತ್ತೆ ಒಂದರಿಂದ."

"ಸುಮ್ಮನ ಹೋಗಿ ಬಾಯಿಲೇ ಕೇಳ್ರಿ, ಕೊಡ್ತಾರ" ಎಂದಳು ಹೆಂಡತಿ ಗಿರಿಜಾ.

"ದಾಖಲೆ ಅಂದ್ರ ಕೊತ್ತಂಬರಿ ಸೊಪ್ಪಲ್ಲ! ಲಿಖಿತ ಇರಬೇಕು."

ಬರೆದೆ. ಮೂರು ಕರಡು ಹರಿದು ಬರೆದೆ. 'ಮೇಲ್ಕಾಣಿಸಿದ ವಿದ್ಯಾರ್ಥಿನಿಯ ವಿಶೇಷ ಬೋಧನೆಗೆ ಸಂಬಂಧಿಸಿದ ಸಮಸ್ತ ದಾಖಲೆಗಳನ್ನು ವಿಳಂಬಕ್ಕೆ ಆಸ್ಪದವಿಲ್ಲದಂತೆ ತುರ್ತಾಗಿ ವಿಲೇವಾರಿ ಮಾಡಬೇಕಾಗಿ ವಿನಂತಿ.'

ನಮ್ಮ ಕಚೇರಿಯಲ್ಲಿ ವಿಲೇವಾರಿ ಎಂದರೆ ಕೆಲಸ ಮುಗಿಸಿ, ಕೇಳಿದವರ ಕೈಗೆ ಕೊಟ್ಟು ಕಳಿಸುವುದು. ಹೊರಗಡೆ ಆ ಪದಕ್ಕೆ ಬೇರೊಂದು ಸಂಸಾರ ಇದೆಯೆಂದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ಯಲಹಂಕದ ಶಾಲೆಗೆ ಅರ್ಜಿ ಕೊಟ್ಟು, ಗುರುವಾರ ಸುಮಾಳ ಕೈಹಿಡಿದು ಹೋದೆ. ಹೆಡ್‌ಮಿಸ್ಟ್ರೆಸ್ ಉತ್ತರಪತ್ರಿಕೆಗಳ ನಡುವೆ ಮುಳುಗಿದ್ದರು.

"ಪರೀಕ್ಷೆ ಗಲಾಟೆ ನೋಡಿ ಸಾರ್, ಪೂರ್ತಿ ಓದಕ್ಕೂ ಆಗ್ಲಿಲ್ಲ. ಸಹಿ ಹಾಕಿ, 'ಇದ್ರಲ್ಲಿ ಬರ್ದಿರೋ ಹಾಗೆ ಮಾಡಪ್ಪಾ' ಅಂತ ನಮ್ಮ ಜವಾನ ಮುನಿವೆಂಕಟಪ್ಪನಿಗೆ ಕೊಟ್ಟಿದೀನಿ. ಹಿಂದ್ಗಡೆ ಇದಾನೆ, ಹೋಗಿ."

ಹಿಂದುಗಡೆ ಹೊಗೆ ಏಳುತ್ತಿತ್ತು. ಒಣಗಿದೆಲೆಯ ರಾಶಿಗೆ ಬೆಂಕಿ ಹಾಕಿ, ಮುನಿವೆಂಕಟಪ್ಪ ಕೋಲಿನಿಂದ ಕೆದಕುತ್ತಿದ್ದ.

"ಆ ಅರ್ಜಿ ಬರ್ದೋರು ನೀವೇನಾ ಸ್ವಾಮಿ? ಏನ್ ಅಕ್ಸರ! ಮುತ್ತು ಪೋಣಿಸ್ದಂಗೆ! ಈಗ್ತಾನೆ ಆಕ್ದೆ."

"ಹಾಕಿದ್ರಾ? ಪೋಸ್ಟಿಗಾ?"

"ಬೆಂಕಿಗೆ."

"ಬೆಂಕಿಗಾ? ಯಾಕ್ರೀ?"

"ತುರ್ತಾಗಿ ವಿಲೇವಾರಿ ಮಾಡಿ ಅಂತ ನೀವೇ ಬರ್ದಿದ್ದೀರಲ್ಲಾ. ನಂಗೂ ಒಸಿ ಅನುಮಾನ ಬಂತು. ಆ ಬೋರ್ಡ್ ನೋಡ್ಕಂಡೆ. ಅದೇ ಪದ!"

ಕೋಲು ತೋರಿಸಿದ ಕಡೆ ಪುರಸಭೆಯ ಹಳದಿ ಫಲಕವಿತ್ತು: 'ಕಸ ವಿಲೇವಾರಿ ಸ್ಥಳ'.

ನಾನು ಬೆಂಕಿಗೆ ಹಾರಿದೆ. ಇದು ಅಲಂಕಾರದ ಮಾತಲ್ಲ, ಎರಡೂ ಕಾಲಿಟ್ಟು ಹಾರಿದೆ! ಆಗಿನ ಫ್ಯಾಷನ್ನಿನ ಬೆಲ್‌ಬಾಟಂ, ಟೆರಿಲಿನ್ ಬಟ್ಟೆ. ಬೆಂಕಿಗೆ ಅದಕ್ಕಿಂತ ಪ್ರಿಯವಾದ ತಿಂಡಿ ಇರಲಿಕ್ಕಿಲ್ಲ.

"ಸ್ವಾಮಿ, ಪ್ಯಾಂಟು! ಪ್ಯಾಂಟು!" ಎಂದು ಮುನಿವೆಂಕಟಪ್ಪ ಕೋಲು ಎಸೆದು, ಗೋಣಿಚೀಲದಿಂದ ನನ್ನ ಕಾಲಿಗೆ ಬಡಿಯತೊಡಗಿದ. ಆ ಏಟುಗಳ ನಡುವೆಯೂ ಕಾಗದದ ಕಟ್ಟೊಂದನ್ನು ಎದೆಗವಚಿಕೊಂಡು ವೀರನಂತೆ ಹೊರಬಂದೆ. ಬಿಚ್ಚಿ ನೋಡಿದರೆ ಏಳನೇ ತರಗತಿಯ ಗಣಿತದ ಹಳೆಯ ಉತ್ತರಪತ್ರಿಕೆಗಳು! ಬಹುಪಾಲು ಫೇಲು.

ತಿರುಗಿ ನೋಡಿದೆ. ಸುಮಾ ಬೆಂಕಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಿದ್ದಿದ್ದ ಕೋಲಿನಿಂದ ತನ್ನ ನೋಟ್‌ಬುಕ್ಕನ್ನು ಈಚೆಗೆ ಎಳೆಯುತ್ತಿದ್ದಳು. ಅವಳ ಲಂಗಕ್ಕೂ ಉರಿಗೂ ಒಂದು ಗೇಣು. ನಾನು ಕೂಗಿದೆ. ಕೂಗಿದರೆ ಅವಳಿಗೆ ಕೇಳುವುದಿಲ್ಲ ಎಂಬುದು ಕೂಗಿದ ಮೇಲೆ ನೆನಪಾಯಿತು. ಓಡಿ ಎತ್ತಿಕೊಳ್ಳುವಷ್ಟರಲ್ಲಿ ಅವಳು ಪುಸ್ತಕಕ್ಕೆ ಮಣ್ಣೆರಚಿ ಆರಿಸಿಯೂ ಆಗಿತ್ತು. ವರ್ಷಗಳೇ ಕಳೆದಿವೆ. ಈಗಲೂ ಎಲೆ ಸುಟ್ಟ ವಾಸನೆ ಬಂದರೆ ಆ ಒಂದು ಗೇಣು ಕಣ್ಣಿಗೆ ಕಟ್ಟುತ್ತದೆ.

ಮೊಣಕಾಲವರೆಗೆ ಮಾತ್ರ ಉಳಿದಿದ್ದ ಪ್ಯಾಂಟನ್ನು ಗಿರಿಜಾ ಎತ್ತಿ ಹಿಡಿದು ನೋಡಿದಳು. "ಅರ್ಜಿ ಬರದು ಬೆಂಕಿ ಹಚ್ಚಿಸಿಕೊಂಡ ಗಂಡಸ ಈ ಊರಾಗ ನೀವೊಬ್ಬರ ನೋಡ್ರಿ!"

ಮರುದಿನ ಆರ್.ಟಿ. ನಗರದ ಶಾಲೆಗೆ ಮೂವರೂ ಹೋದೆವು. ಅಲ್ಲಿನ ಹೆಡ್‌ಮಿಸ್ಟ್ರೆಸ್ ನೋಟ್‌ಬುಕ್ಕನ್ನು ನಿಧಾನವಾಗಿ ಮಗುಚಿದರು. ಅವರ ಮುಖ ಅರಳುತ್ತಾ ಹೋಯಿತು. ಕೊನೆಯ ಪುಟಕ್ಕೆ ಬಂದು, ನನ್ನನ್ನೊಮ್ಮೆ ನೋಡಿ, ಗಟ್ಟಿಯಾಗಿ ಓದಿದರು:

"ತಾಯಿಯ ತುಟಿ ನೋಡಿ ಮಗು ಎಲ್ಲ ಮಾತನ್ನೂ ಹಿಡಿಯುತ್ತದೆ. ತಂದೆಯ ಮಾತು ಹಿಡಿಯಲಾಗುತ್ತಿಲ್ಲ. ದೋಷ ಮಗುವಿನದಲ್ಲ. ಚಿಕ್ಕ ಪದ ಬಳಸಲು ತಂದೆಗೆ ಹಲವು ಸಲ ಹೇಳಲಾಗಿದೆ. ಮೂರು ವರ್ಷದಲ್ಲಿ ಪ್ರಗತಿ ಇಲ್ಲ."

ಸುಮಾಗೆ ನಾಲ್ಕನೇ ಕ್ಲಾಸಿನ ಮುಂದಿನ ಬೆಂಚಿನಲ್ಲೇ ಜಾಗ ಸಿಕ್ಕಿತು. ನೋಟ್‌ಬುಕ್ಕಿನ ರಟ್ಟು ಕರಕಲಾಗಿತ್ತು, ಅಂಚುಗಳೆಲ್ಲ ಸುಟ್ಟಿದ್ದವು. ಆ ಒಂದು ಪುಟಕ್ಕೆ ಮಾತ್ರ ಹೊಗೆಯೂ ತಾಗಿರಲಿಲ್ಲ!