ಕಾವಲುಗಾರ ಈರಣ್ಣನ ಬೆಲ್ಟ್ ಖರೀದಿಯ ನಡಾವಳಿ

ಪುಣೆಯ ನದೀತೀರ ಕನ್ನಡ ಮಂಡಳಿಯ ಕಾವಲುಗಾರ ಈರಣ್ಣನ ಪ್ಯಾಂಟು ೨೦೨೩ರ ರಾಜ್ಯೋತ್ಸವದಂದು, ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಮುಖ್ಯ ಅತಿಥಿಗಳ ಸಮ್ಮುಖದಲ್ಲಿ ಮೊಣಕಾಲಿನವರೆಗೆ ಇಳಿಯಿತು. ಇದು ನಡಾವಳಿ ಪುಸ್ತಕದಲ್ಲಿ ದಾಖಲಾಗಿದ್ದು, ಈ ಬಗ್ಗೆ ಯಾವ ಸದಸ್ಯರಿಗೂ ಭಿನ್ನಾಭಿಪ್ರಾಯವಿಲ್ಲ.

ಆ ಹೊತ್ತಿನಲ್ಲಿ ಈರಣ್ಣನ ಎರಡೂ ಕೈಯಲ್ಲಿ ಹಾರ, ಶಾಲು, ತೆಂಗಿನಕಾಯಿ ತುಂಬಿದ ಹರಿವಾಣವಿತ್ತು. ಪ್ಯಾಂಟು ಹಿಂದಿನ ಕಾವಲುಗಾರನ ಅಳತೆಯದು; ಆತ ಚೆನ್ನಾಗಿ ಉಂಡುಟ್ಟ ಮನುಷ್ಯ. ಅದನ್ನು ಹಿಡಿದಿಟ್ಟಿದ್ದ ರೆಕ್ಸಿನ್ ಬೆಲ್ಟು ಪಟ್ಟನೆ ಎರಡು ತುಂಡಾಯಿತು. ಕಾರ್ಯದರ್ಶಿ ಶ್ರೀಕಂಠಯ್ಯನವರು ಮರುದಿನವೇ ಜ್ಞಾಪನ ಹೊರಡಿಸಿದರು: ‘ಸದರಿ ಪ್ಯಾಂಟು ಇನ್ನೊಮ್ಮೆ ಇಳಿದಲ್ಲಿ, ಅಥವಾ ಹರಿವಾಣವನ್ನು ಒಂದೇ ಕೈಯಲ್ಲಿ ಹಿಡಿದಲ್ಲಿ, ತಮ್ಮನ್ನು ಸೇವೆಯಿಂದ ತೆಗೆಯಲಾಗುವುದು.’

ಈರಣ್ಣ ನಿಜವಾಗಿಯೂ ಹೆದರಿದ. ನೌಕರಿ ಹೋದರೆ ಗೇಟಿನ ಪಕ್ಕದ ಖೋಲಿಯೂ ಹೋಗುತ್ತದೆ. ಹೆಂಡತಿ ಶಿವಗಂಗವ್ವ ಸೂಜಿದಾರ ಹಿಡಿದುಕೊಂಡೇ ಕಚೇರಿಗೆ ಬಂದಳು.

“ಸೊಂಟದಾಗ ಎರಡು ಬಟ್ಟು ಹಿಡದು ಹೊಲದ್ರ ಮುಗೀತ್ರಿ ಸಾಹೇಬ್ರ.”

“ಆಗಲ್ಲಮ್ಮ,” ಎಂದರು ಶ್ರೀಕಂಠಯ್ಯ. “ಸಮವಸ್ತ್ರ ಅನ್ನೋದು ಮಂಡಳಿಯ ಚರಾಸ್ತಿ. ಅದನ್ನ ತಿದ್ದೋಕೆ ಸರ್ವಸದಸ್ಯರ ಸಭೆ ಒಪ್ಪಬೇಕು. ಬೆಲ್ಟಾದ್ರೆ ಉಪಸಮಿತಿ ಸಾಕು.”

ಹೀಗೆ ಉತ್ತಮ ಗುಣಮಟ್ಟದ ಬೆಲ್ಟ್ ಆಯ್ಕೆ ಉಪಸಮಿತಿ ರಚನೆಯಾಯಿತು. ಮಗರಪಟ್ಟಾದ ಐಟಿ ಕಂಪನಿಯೊಂದರಲ್ಲಿ ದುಡಿಯುವ ಪುನೀತ ಅದರ ಸಂಚಾಲಕ. ಈತ ಅಂಗಡಿಗೆ ಹೋಗಿ ಬೆಲ್ಟು ಕೊಂಡವನಲ್ಲ. ಆದರೆ ಬೆಲ್ಟುಗಳ ಬಗ್ಗೆ ಇನ್ನೂರ ಹನ್ನೆರಡು ರಿವ್ಯೂ ಓದಿದ್ದ. ಓದಿದವರೆಂದರೆ ಮಂಡಳಿಗೆ ಮೊದಲಿನಿಂದಲೂ ಗೌರವ.

“ಸಾರ್, ‘ಜೆನ್ಯೂನ್ ಲೆದರ್’ ಅಂತ ಅಚ್ಚು ಹಾಕಿರ್ತಾರಲ್ಲ, ಅದನ್ನ ನಂಬಲೇಬೇಡಿ. ಅಪ್ಪಟ ಚರ್ಮದ ಒಂದೇ ಪಟ್ಟಿ ಇರ್ಬೇಕು, ಪದರ ಅಂಟಿಸಿರಬಾರ್ದು. ಬೆಂಡ್ ಮಾಡಿದ್ರೆ ಕ್ರ್ಯಾಕ್ ಬರಬಾರ್ದು. ಬಕಲ್ ಸಾಲಿಡ್ ಹಿತ್ತಾಳೆ,” ಎಂದು ಅವನು ವರದಿ ಒಪ್ಪಿಸಿದ. ರೆಕ್ಸಿನ್ನನ್ನು ಶಾಶ್ವತವಾಗಿ ನಿಷೇಧಿಸಲಾಯಿತು.

ಉಪಸಮಿತಿ ಒಂಬತ್ತು ತಿಂಗಳು, ಭಾನುವಾರಗಳಂದು, ಊರಿನ ಬೆಲ್ಟುಗಳನ್ನೆಲ್ಲ ಬಗ್ಗಿಸಿ, ಮೂಸಿ, ಉಗುರಿನಿಂದ ಕೆರೆದು ನೋಡಿತು. ಕೊನೆಕೊನೆಗೆ ಅಂಗಡಿಯವರು ಇವರನ್ನು ದೂರದಿಂದಲೇ ಗುರುತು ಹಿಡಿದು ಊಟಕ್ಕೆ ಹೊರಡುತ್ತಿದ್ದರು. ಅಷ್ಟು ದಿನವೂ ಈರಣ್ಣ ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬಲಗೈಯಲ್ಲಿ ಗೇಟು ತೆಗೆಯುತ್ತಿದ್ದ.

ಸಾಸವಡ ರಸ್ತೆಯ ಏಕನಾಥ ಎಂಬ ಕುಶಲಕರ್ಮಿಯ ಬಳಿ ಕಡೆಗೂ ಬೆಲ್ಟು ಸಿಕ್ಕಿತು. ಆತ ಅದನ್ನು ಬೆರಳಿಗೆ ಸುತ್ತಿ ಬಿಟ್ಟ. ಒಂದು ಗೆರೆಯೂ ಮೂಡಲಿಲ್ಲ. “ನಾತವಾಪರ್ಯಂತ ಟಿಕೇಲ್, ಸಾಹೇಬ,” ಎಂದ. ಮೊಮ್ಮಗನ ಕಾಲದವರೆಗೂ ಬಾಳುತ್ತದೆ ಎಂದರ್ಥ.

ರಾಜ್ಯೋತ್ಸವದ ಹಿಂದಿನ ದಿನ ಏಕನಾಥ ಬೆಲ್ಟು ತಂದು ಗೇಟಿನಲ್ಲಿ ನಿಂತ. ಅಲ್ಲೊಂದು ಫಲಕವಿದೆ. ಒಳಗೆ ಭುವನೇಶ್ವರಿಯ ಗುಡಿ ಇರುವುದರಿಂದ ಚರ್ಮದ ವಸ್ತುಗಳನ್ನು ಆವರಣದೊಳಗೆ ತರಬಾರದು. ಚರ್ಮದ ಬೆಲ್ಟು ಕಟ್ಟುವ ಹದಿನಾಲ್ಕು ಸದಸ್ಯರು ಅವನ್ನು ಬಿಚ್ಚಿ ಹೊರಗೋಡೆಯ ಮೊಳೆಗಳಿಗೆ ತೂಗುಹಾಕಿಯೇ ಒಳಬರುತ್ತಾರೆ. ಪ್ಯಾಂಟು ನಿಲ್ಲಿಸುವ ಕೆಲಸವನ್ನು ಅವರ ಹೊಟ್ಟೆಗಳೇ ನೋಡಿಕೊಳ್ಳುತ್ತವೆ. ಆ ಹದಿನಾಲ್ಕು ಬೆಲ್ಟುಗಳನ್ನು ಕಾಯುವುದು ಈರಣ್ಣನ ಮುಖ್ಯ ಕರ್ತವ್ಯ.

“ಇದು ಚರ್ಮದ್ದೇನಪ್ಪಾ?” ಶ್ರೀಕಂಠಯ್ಯ ವಿಚಾರಿಸಿದರು.

“ಅಸ್ಸಲ್ ಚಾಮಡ, ಸಾಹೇಬ!” ಅಸಲಿ ಚರ್ಮವೇ ಎಂದ ಏಕನಾಥ.

“ಪುನೀತ, ಚರ್ಮದ್ದಲ್ಲ ಅಂತ ಒಂದು ಚೀಟಿ ಬರೆದುಕೊಡಿ, ಒಳಗೆ ಬಿಡೋಣ.”

“ಚರ್ಮದ್ದಲ್ಲ ಅಂದ್ರೆ ನಮ್ಮ ರಿಪೋರ್ಟ್ ಪ್ರಕಾರ ರಿಜೆಕ್ಟ್ ಮಾಡ್ಬೇಕಾಗತ್ತೆ ಸಾರ್.”

ಇಬ್ಬರ ಮಾತೂ ನಿಯಮಬದ್ಧವಾಗಿತ್ತು. ಆದ್ದರಿಂದ ಬೆಲ್ಟನ್ನು ಸ್ವೀಕರಿಸಿ, ಈರಣ್ಣನ ಹೆಸರಿಗೆ ನೀಡಿ, ಹದಿನೈದನೆಯ ಮೊಳೆ ಹೊಡೆದು ತೂಗುಹಾಕಲಾಯಿತು.

“ನಾ ಯಾವಾಗ ಹಾಕ್ಕೋಬೇಕ್ರಿ ಇದನ್ನ?” ಈರಣ್ಣ ಕೇಳಿದ.

“ಆವರಣದ ಹೊರಗೆ. ರಜಾ ದಿನ ಹಾಕ್ಕೊಳ್ಳಿ.”

“ರಜಾ ದಿನ ಪ್ಯಾಂಟ್ ಇಲ್ಲೇ ಜಮಾ ಮಾಡಬೇಕಲ್ರಿ?”

“ಮಾಡಲೇಬೇಕು,” ಎಂದರು ಶ್ರೀಕಂಠಯ್ಯ.

ಮರುದಿನ ಮುಖ್ಯ ಅತಿಥಿಗಳು ಬಂದರು. ಕಡ್ಡಿಯಂಥ ಮನುಷ್ಯರು, ನಿವೃತ್ತ ಪ್ರಾಧ್ಯಾಪಕರು. ಗೇಟಿನಲ್ಲಿ ಅವರ ಬೆಲ್ಟನ್ನೂ ಬಿಚ್ಚಿಸಿ ಹದಿನಾರನೆಯ ಮೊಳೆಗೆ ಹಾಕಲಾಯಿತು. ಅಲ್ಲಿಂದ ವೇದಿಕೆಯವರೆಗೆ ಅವರು ಎಡಗೈಯನ್ನು ಸೊಂಟದ ಮೇಲಿಟ್ಟುಕೊಂಡು ಗಂಭೀರವಾಗಿ ನಡೆದರು.

ಹನ್ನೊಂದಕ್ಕೆ ಸರಿಯಾಗಿ ಈರಣ್ಣ ಹರಿವಾಣದೊಂದಿಗೆ ವೇದಿಕೆ ಹತ್ತಿದ. ಮೂರನೆಯ ಮೆಟ್ಟಿಲಲ್ಲಿ ಪ್ಯಾಂಟು ಜಾರಿತು. ಅವನ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಹರಿವಾಣ ಬಲ ಅಂಗೈ ಮೇಲೆ ನಡುಗತೊಡಗಿತು. ಸಭಿಕರ ನಡುವೆ ಕೂತ ಶಿವಗಂಗವ್ವ ಕಣ್ಣು ಮುಚ್ಚಿಕೊಂಡಳು. ಶ್ರೀಕಂಠಯ್ಯನವರು ಪೆನ್ನು ತೆಗೆದು ನಡಾವಳಿ ಪುಸ್ತಕ ಬಿಡಿಸಿದರು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಎದ್ದು ನಿಂತರು. ಅವರ ಎಡಗೈ ಸೊಂಟದ ಮೇಲೆಯೇ ಇತ್ತು. ಶಾಲನ್ನೂ ಕಾಯಿಯನ್ನೂ ಬಲಗೈಯಿಂದಲೇ ಸ್ವೀಕರಿಸಿದರು. ಶ್ರೀಕಂಠಯ್ಯನವರು ಅತಿಥಿಗಳನ್ನು ನೋಡಿದರು, ಈರಣ್ಣನನ್ನು ನೋಡಿದರು. ತಮಗೆ ತಿಳಿಯದ ಶಿಷ್ಟಾಚಾರವೊಂದು ನಡೆಯುತ್ತಿದೆ ಎಂದು ಅವರಿಗೆ ಅನುಮಾನ ಬಂತು. ಪೆನ್ನನ್ನು ಜೇಬಿಗಿಳಿಸಿ, ಮೆಲ್ಲಗೆ ತಮ್ಮ ಎಡಗೈಯನ್ನೂ ಸೊಂಟದ ಮೇಲಿಟ್ಟರು. ಇಲಾಸ್ಟಿಕ್ ಪ್ಯಾಂಟಿನ ಪುನೀತನೂ ಇಟ್ಟ. ನಾಡಗೀತೆ ಶುರುವಾಗುವ ಹೊತ್ತಿಗೆ ಸೀರೆಯುಟ್ಟ ಹೆಂಗಸರೂ ಸೇರಿ ಇನ್ನೂರು ಜನ ಹಾಗೆಯೇ ನಿಂತಿದ್ದರು.

“ಪರನಾಡಿನಲ್ಲಿದ್ದೂ ಎಂಥಾ ಶಿಸ್ತು!” ಎಂದು ಅತಿಥಿಗಳು ಭಾಷಣದಲ್ಲಿ ಕಣ್ಣೊರೆಸಿಕೊಂಡರು, ಬಲಗೈಯಿಂದ.

ಈ ವರ್ಷದ ಆಮಂತ್ರಣ ಪತ್ರಿಕೆಯಲ್ಲಿ ಸೂಚನೆ ಅಚ್ಚಾಗಿದೆ: ‘ನಾಡಗೀತೆಯ ವೇಳೆ ಎಲ್ಲರೂ ಎಡಗೈಯನ್ನು ಸೊಂಟದ ಮೇಲಿರಿಸಿ ನಿಲ್ಲತಕ್ಕದ್ದು.’ ಹೊಸ ಸದಸ್ಯೆ ತ್ರಿವೇಣಿ ಗೇಟಿನಲ್ಲಿ ಈರಣ್ಣನನ್ನು ಕೇಳಿದಳು, ಇದು ಯಾಕೆ ಹೀಗೆ ಎಂದು.

“ಹಿಂದಿನಿಂದ ನಡಕೊಂಡು ಬಂದದ್ದ್ರೀ ಬಾಯಾರ,” ಎಂದ ಈರಣ್ಣ, ಬಲಗೈಯಿಂದ ಗೇಟು ತೆಗೆಯುತ್ತ. “ಯಾಕಂತ ನಮ್ಮಂಥವರಿಗೆ ಹೆಂಗ ಗೊತ್ತಾಗ್ಬೇಕ್ರಿ?”